ಹಳೇ ಸೈಕಲ್, 12 ವಾರ, ಎಂಟು ಸಾವಿರ ಚಿಲ್ಲರೆ: ಮೊದಲ ಟ್ರಯಥ್ಲಾನ್‌ಗೆ ತಯಾರಾಗುವುದು ಹೇಗೆ

ನಮ್ಮ ಬೀದಿ ಕೊನೆಯಲ್ಲಿರುವ ಸೈಕಲ್ ಶಾಪಿನ ಮುಂದೆ ನನ್ನ ಎಂಟು ವರ್ಷದ ಗೇರ್ ಸೈಕಲ್ ನಿಲ್ಲಿಸಿ, ‘ಇದನ್ನ ಒಂದು ರೇಸಿಗೆ ರೆಡಿ ಮಾಡಿಕೊಡಿ ಅಣ್ಣ’ ಅಂದೆ. ಅವರು ಒಂದ್ಸಲ ಸೈಕಲ್ ನೋಡಿದರು, ಒಂದ್ಸಲ ನನ್ನ ಹೊಟ್ಟೆ ನೋಡಿದರು. ‘ಯಾರ್ ಸಾರ್ ಓಡಿಸೋದು, ಮಗನಾ?’ ನಾನೇ ಅಂದೆ. ಮೊದಲು ಈಜಬೇಕು, ಆಮೇಲೆ ಸೈಕಲ್, ಆಮೇಲೆ ಓಟ ಅಂತ ವಿವರಿಸಿದೆ. ‘ಮೂರೂ ಒಂದೇ ದಿನಾನಾ?’ ಅಂತ ಕೇಳಿ, ಉತ್ತರಕ್ಕೂ ಕಾಯದೆ ಚೈನ್ ಬಿಚ್ಚೋಕೆ ಶುರು ಮಾಡಿದರು.

ಅದೇ ಸೈಕಲ್‌ನಲ್ಲಿ ಮೊದಲ ಟ್ರಯಥ್ಲಾನ್ ಮುಗಿಸಿದೆ. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರು ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತದೆ, ಆ ಮಾತು ಬೇರೆ. ಮೈಸೂರಿನಲ್ಲಿ ಕೆಲಸ, ಮನೆ, ಮಕ್ಕಳ ಸ್ಕೂಲ್ ಫೀಸ್ ಎಲ್ಲ ಇಟ್ಟುಕೊಂಡೇ ಹೇಗೆ ತಯಾರಾದೆ, ಎಲ್ಲಿ ದುಡ್ಡು ಉಳಿಸಿದೆ, ಎಲ್ಲಿ ಉಳಿಸೋಕೆ ಹೋಗಿ ಪೆಟ್ಟು ತಿಂದೆ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಮೊದಲ ಸಲ ಬರುವವರೆಲ್ಲ ಸೈಕಲ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಸಿಕ್ಕಿಹಾಕಿಕೊಳ್ಳುವುದು ನೀರಲ್ಲಿ. ಹಾಗಾಗಿ ಇಲ್ಲಿ ಈಜಿನ ಭಾಗ ಜಾಸ್ತಿ ಇದೆ.

ಮೊದಲು ರೇಸ್ ಆರಿಸಿ

ಟ್ರಯಥ್ಲಾನ್ ಅಂದ ತಕ್ಷಣ ಎಲ್ಲರೂ ಐರನ್‌ಮ್ಯಾನ್ ಅಂದುಕೊಳ್ಳುತ್ತಾರೆ. ಅದು 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, 42.2 ಕಿ.ಮೀ. ಓಟ. 2019ರಲ್ಲಿ ಗೋವಾದಲ್ಲಿ ಶುರುವಾದ 70.3 ಅದರ ಅರ್ಧ (70.3 ಅನ್ನೋದು ಮೂರೂ ಸೇರಿಸಿದ ಮೈಲಿ ಲೆಕ್ಕ). ಒಲಿಂಪಿಕ್ ದೂರ ಅಂದರೆ 1.5, 40, 10 ಕಿ.ಮೀ. ಇವು ಮೂರನ್ನೂ ಸದ್ಯಕ್ಕೆ ಮರೆತುಬಿಡಿ. ನಮಗೆ ಬೇಕಾದ್ದು ಸ್ಪ್ರಿಂಟ್: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಹೊಸಬರಿಗೆ ಒಂದೂವರೆಯಿಂದ ಎರಡು ಗಂಟೆಯ ಕೆಲಸ. ಅದೂ ಜಾಸ್ತಿ ಅನ್ನಿಸಿದರೆ ಹೆಚ್ಚುಕಡಿಮೆ ಅರ್ಧ ದೂರದ ಸೂಪರ್ ಸ್ಪ್ರಿಂಟ್ ಇಟ್ಟಿರುತ್ತಾರೆ, ನೋಡಿ.

ದುಡ್ಡು ಕಟ್ಟುವ ಮುಂಚೆ ಆಯೋಜಕರಿಗೆ ಫೋನ್ ಮಾಡಿ. ಈಜು ಕೊಳದಲ್ಲೋ, ಕೆರೆ ಅಥವಾ ಸಮುದ್ರದಲ್ಲೋ? ಮೊದಲ ಸಲಕ್ಕೆ ಕೊಳವೇ ಇರಲಿ. ಎಂಟಿಬಿ (ದಪ್ಪ ಟೈರಿನ ಮೌಂಟನ್ ಬೈಕ್), ಹೈಬ್ರಿಡ್ ಸೈಕಲ್ ಬಿಡುತ್ತಾರಾ? ಸಾಮಾನ್ಯವಾಗಿ ಬಿಡುತ್ತಾರೆ, ಆದರೂ ಕೇಳಿ. ಪ್ರತಿ ಹಂತ ಎಷ್ಟು ಹೊತ್ತಿನೊಳಗೆ ಮುಗಿಸಬೇಕು? ವೈದ್ಯರ ಸರ್ಟಿಫಿಕೇಟ್ ಬೇಕಾ? ಮನೆಗೆ ಹತ್ತಿರದ ರೇಸೇ ಹಿಡಿಯಿರಿ. ರೂಮ್ ಬಾಡಿಗೆ, ಸೈಕಲ್ ಸಾಗಿಸುವ ಖರ್ಚು ಸೇರಿದರೆ ಪ್ರವೇಶ ಶುಲ್ಕವೇ ಸಣ್ಣದು ಅನ್ನಿಸುತ್ತದೆ.

ಒಂದು ವಿಷಯ. ಟ್ರಯಥ್ಲಾನ್ ಅನ್ನೋ ಹೆಸರಿನಲ್ಲಿ ಈ ಆಟ ಶುರುವಾಗಿದ್ದು 1974ರ ಸೆಪ್ಟೆಂಬರ್ 25ರಂದು, ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ. ಅಲ್ಲಿನ ಓಟಗಾರರ ಕ್ಲಬ್ಬಿನವರು ತಮ್ಮ ದಿನನಿತ್ಯದ ಅಭ್ಯಾಸದ ಬೇಜಾರು ಕಳೆಯೋಕೆ ಮಾಡಿದ ಸಂಜೆಯ ಆಟ ಅದು. ಬಂದವರು 46 ಜನ. ಆಗ ಟ್ರಯಥ್ಲಾನ್ ಸೈಕಲ್ ಅನ್ನೋ ವಸ್ತುವೇ ಇರಲಿಲ್ಲ, ಮನೆಯಲ್ಲಿ ಏನಿತ್ತೋ ಅದನ್ನೇ ತಂದಿದ್ದರು. ನಿಮ್ಮ ಸೈಕಲ್ ಬಗ್ಗೆ ಯಾರಾದರೂ ನಕ್ಕರೆ ಇದನ್ನು ಹೇಳಿ.

ದುಡ್ಡಿನ ಲೆಕ್ಕ

ಸೈಕಲ್ ನನ್ನ ಹತ್ತಿರ ಇತ್ತು. ಉಳಿದದ್ದಕ್ಕೆ ನನ್ನ ಡೈರಿಯಲ್ಲಿ ಬರೆದಿಟ್ಟ ಲೆಕ್ಕ ಇದು:

- ಈಜಿನ ಗಾಗಲ್ಸ್ 600
- ಸಿಲಿಕಾನ್ ಟೋಪಿ 250
- ಮೊಣಕಾಲವರೆಗಿನ ಈಜು ಚಡ್ಡಿ 700
- ಸೈಕಲ್ ಹೆಲ್ಮೆಟ್ 1,400
- ನುಣುಪು ಟೈರ್ ಎರಡು 1,600
- ಒಂದು ಎಕ್ಸ್‌ಟ್ರಾ ಟ್ಯೂಬ್ 250
- ಕೈ ಪಂಪು, ಟೈರ್ ಬಿಚ್ಚುವ ಲಿವರ್ 650
- ಸೈಕಲ್ ಸರ್ವಿಸ್ 350
- ಓಟದ ಶೂ 2,400
- ಎಲಾಸ್ಟಿಕ್ 40

ಒಟ್ಟು 8,240 ರೂಪಾಯಿ. ಇದರಲ್ಲಿ ಪ್ರವೇಶ ಶುಲ್ಕ, ಈಜುಕೊಳದ ಶುಲ್ಕ, ಈಜು ಕೋಚಿಂಗ್ ಸೇರಿಲ್ಲ. ಸೈಕಲ್ ಇಲ್ಲದಿದ್ದರೆ ಸ್ನೇಹಿತರ ಹತ್ತಿರ ಕೇಳಿ. ಪ್ರತಿ ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲೂ ಧೂಳು ಹಿಡಿದ ಒಂದಾದರೂ ಗೇರ್ ಸೈಕಲ್ ಇರುತ್ತದೆ ಅಲ್ವಾ? ಮೂರು ತಿಂಗಳಿಗೆ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ, ಸರ್ವಿಸ್ ಮಾಡಿಸಿ ವಾಪಸ್ ಕೊಡುತ್ತೇನೆ ಅಂದರೆ ಖುಷಿಯಿಂದಲೇ ಕೊಡುತ್ತಾರೆ.

ಹೆಲ್ಮೆಟ್ ಮಾತ್ರ ಹೊಸದೇ ತಗೊಳ್ಳಿ. ಬಿದ್ದು ಪೆಟ್ಟಾಗಿರುವ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಥರ್ಮಕೋಲ್ ಸೀಳಿರಬಹುದು. ಇಎನ್ 1078 (ಸೈಕಲ್ ಹೆಲ್ಮೆಟ್‌ನ ಯುರೋಪಿನ ಸುರಕ್ಷತಾ ಗುರುತು) ಅಂತ ಒಳಗೆ ಲೇಬಲ್ ಇದೆಯಾ ನೋಡಿ. ಬೈಕ್ ಹೆಲ್ಮೆಟ್ ನಡೆಯುವುದಿಲ್ಲ.

ಈಗ ಬೇಡವಾದದ್ದು: ಟ್ರೈ ಸೂಟ್ (ಮೂರೂ ಹಂತಕ್ಕೆ ಹಾಕುವ ಒಂದೇ ಬಟ್ಟೆ), ಜಿಪಿಎಸ್ ವಾಚು, ಶೂ ಸಿಕ್ಕಿಸುವ ಕ್ಲಿಪ್ ಪೆಡಲ್, ಎನರ್ಜಿ ಜೆಲ್, ವೆಟ್‌ಸೂಟ್. ವೆಟ್‌ಸೂಟ್ ತಣ್ಣನೆಯ ನೀರಿಗೆ ಇರುವುದು. ನೀರು ಬೆಚ್ಚಗಿದ್ದರೆ ಅದನ್ನು ಹಾಕೋಕೆ ನಿಯಮವೇ ಬಿಡುವುದಿಲ್ಲ.

ಈಜು: ಇಲ್ಲಿ ಅವಸರ ಬೇಡ

ನನಗೆ ಈಜು ಬರುತ್ತದೆ ಅಂದುಕೊಂಡಿದ್ದೆ. ಚಿಕ್ಕವನಿದ್ದಾಗ ಅಜ್ಜಿ ಊರಿನ ತೋಟದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬ ಕಟ್ಟಿಕೊಂಡು ಕಲಿತದ್ದು. ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳಕ್ಕೆ ಮೊದಲ ದಿನ ಹೋಗಿ ಧುಮುಕಿದೆ. ಅರ್ಧ ದಾರಿಗೆ ಎದೆ ಬಡಿದುಕೊಳ್ಳೋಕೆ ಶುರುವಾಯಿತು, ಪಕ್ಕದ ಕಟ್ಟೆ ಹಿಡಿದುಕೊಂಡು ನಿಂತೆ. ಪಕ್ಕದಲ್ಲಿ ಒಬ್ಬ ಹತ್ತು ವರ್ಷದ ಹುಡುಗಿ ಆರಾಮಾಗಿ ಎರಡನೇ ಸುತ್ತು ಹೊರಟಿದ್ದಳು. ಬಾವಿ ಈಜು ಅಂದರೆ ತಲೆ ಎತ್ತಿಕೊಂಡು ಕೈಕಾಲು ಬಡಿಯೋದು. ಐದು ನಿಮಿಷ ಮುಳುಗದೇ ಇರೋಕೆ ಅದು ಸಾಕು, 750 ಮೀಟರ್‌ಗೆ ಸಾಲದು.

ತಪ್ಪು ಎರಡಿತ್ತು. ಒಂದು, ಉಸಿರು ಕಟ್ಟಿ ಹಿಡಿಯುವುದು. ಮುಖ ನೀರೊಳಗೆ ಇದ್ದಾಗ ಉಸಿರು ಹಿಡಿದು, ಮೇಲೆ ಬಂದಾಗ ಆ ಒಂದು ಕ್ಷಣದಲ್ಲೇ ಬಿಟ್ಟು ಎಳೆದುಕೊಳ್ಳೋಕೆ ಹೋದರೆ ಎರಡೂ ಸರಿಯಾಗಿ ಆಗುವುದಿಲ್ಲ. ಸುಸ್ತಾಗುವುದು ಕೈಗಲ್ಲ, ಎದೆಗೆ. ಎರಡು, ತಲೆ ಎತ್ತುವುದು. ದೇಹ ನೀರಿನಲ್ಲಿ ಏತದ ಹಾಗೆ, ತಲೆ ಮೇಲೆದ್ದರೆ ಕಾಲು ಕೆಳಗಿಳಿಯುತ್ತದೆ. ಆಮೇಲೆ ಇಡೀ ಮೈಯನ್ನು ಓರೆಯಾಗಿ ಎಳೆದುಕೊಂಡು ಹೋಗಬೇಕು.

ಹಾಗಾಗಿ ಮೊದಲ ಮೂರು ದಿನ ಈಜಬೇಡಿ. ಕಟ್ಟೆ ಹಿಡಿದುಕೊಂಡು ಮುಖ ಮುಳುಗಿಸಿ, ಮೂಗು ಬಾಯಿ ಎರಡರಿಂದಲೂ ಗುಳುಗುಳು ಅಂತ ಪೂರ್ತಿ ಉಸಿರು ಬಿಡಿ, ಮುಖ ಪಕ್ಕಕ್ಕೆ ತಿರುಗಿಸಿ ಎಳೆದುಕೊಳ್ಳಿ. ಇಪ್ಪತ್ತು ಸಲ, ನಿಂತು, ಮತ್ತೆ ಇಪ್ಪತ್ತು. ನೋಡುವವರಿಗೆ ಹುಚ್ಚು ಅನ್ನಿಸಬಹುದು, ಅನ್ನಿಸಲಿ. ಆಮೇಲೆ ತೇಲುವ ಹಲಗೆ ಹಿಡಿದು ಬರೀ ಕಾಲು. ಮೊಣಕಾಲು ಮಡಿಸಿ ಒದೆಯಬೇಡಿ, ಸೊಂಟದಿಂದ ಸಣ್ಣದಾಗಿ ಆಡಿಸಿ. ಆಮೇಲೆ ಫ್ರೀಸ್ಟೈಲ್, ಅಂದರೆ ಬೋರಲಾಗಿ ಒಂದಾದ ಮೇಲೊಂದು ಕೈ ಹಾಕುತ್ತ ಈಜುವುದು. ಕಣ್ಣು ಕೊಳದ ತಳದ ಕಪ್ಪು ಗೆರೆ ಮೇಲಿರಲಿ. ಉಸಿರಿಗೆ ತಲೆ ಎತ್ತಬೇಡಿ, ಹೊರಳಿಸಿ. ಒಂದು ಕಣ್ಣು ನೀರೊಳಗೇ ಇದ್ದರೆ ಸರಿಯಾಗಿ ಹೊರಳಿದ್ದೀರಿ ಅಂತ ಅರ್ಥ.

ಇದನ್ನೆಲ್ಲ ಓದಿ ಕಲಿಯೋಕೆ ಆಗುವುದಿಲ್ಲ. ಒಂದು ತಿಂಗಳ ಕೋಚಿಂಗ್‌ಗೆ ದುಡ್ಡು ಕೊಡಿ. ಮೈಸೂರು, ಬೆಂಗಳೂರಿನ ಹೆಚ್ಚಿನ ಕೊಳಗಳಲ್ಲಿ ದೊಡ್ಡವರಿಗೂ, ಹೆಂಗಸರಿಗೂ ಬೇರೆ ಬೇರೆ ಬ್ಯಾಚ್ ಇರುತ್ತದೆ. ಟೈರ್‌ಗೆ ಕೊಟ್ಟ 1,600ನ್ನು ಉಳಿಸಿ ಇಲ್ಲಿ ಹಾಕಿದರೂ ನಾನು ಬೇಡ ಅನ್ನೋದಿಲ್ಲ.

25 ಮೀಟರ್ ಕೊಳದಲ್ಲಿ 750 ಮೀಟರ್ ಅಂದರೆ 30 ಸಲ, 50 ಮೀಟರ್ ಕೊಳದಲ್ಲಿ 15. ವಾರಕ್ಕೆ ಮೂರು ದಿನ, ಹೀಗೆ ಹೋಗಿ. ಮೊದಲ ಎರಡು ವಾರ 25 ಮೀಟರ್ ಎಂಟು ಸಲ, ನಡುವೆ ಅರ್ಧ ನಿಮಿಷ ನಿಲ್ಲಿ. ಮೂರು ನಾಲ್ಕನೇ ವಾರ ಹನ್ನೆರಡು ಸಲ. ಐದು ಆರರಲ್ಲಿ 50 ಮೀಟರ್ ಎಂಟು ಸಲ. ಏಳು ಎಂಟರಲ್ಲಿ 100 ಮೀಟರ್ ಐದು ಸಲ. ಒಂಬತ್ತು ಹತ್ತರಲ್ಲಿ 200 ಮೀಟರ್ ಮೂರು ಸಲ, ಕೊನೆಗೆ ಒಂದು 100. ಹನ್ನೊಂದನೇ ವಾರ ಒಂದು ದಿನ ಗಡಿಯಾರ ನೋಡದೆ 750 ಪೂರ್ತಿ. ನನಗೆ 50ರಿಂದ 100ಕ್ಕೆ ಹೋಗೋದು ತುಂಬ ಕಷ್ಟ ಆಯಿತು, ಎರಡು ವಾರ ಅಲ್ಲೇ ನಿಂತಿದ್ದೆ. 100 ಬಂದ ಮೇಲೆ ಉಳಿದದ್ದು ತಾನೇ ಬಂತು. ಅಲ್ಲಿ ಸಿಕ್ಕಿಕೊಂಡರೆ ಗಾಬರಿ ಬೇಡ, ನಿಧಾನ ಮಾಡಿ. ಹೊಸಬರೆಲ್ಲ ಮೊದಲ 25 ಮೀಟರನ್ನು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಈಜುತ್ತಾರೆ.

ಇನ್ನೊಂದು ಸಮಾಧಾನ: ಟ್ರಯಥ್ಲಾನ್‌ನಲ್ಲಿ ಫ್ರೀಸ್ಟೈಲೇ ಆಗಬೇಕು ಅಂತಿಲ್ಲ. ಕಪ್ಪೆ ಥರ ಬ್ರೆಸ್ಟ್ ಸ್ಟ್ರೋಕ್ ಹೊಡೆಯಬಹುದು, ಅಂಗಾತ ಮಲಗಿ ಹೋಗಬಹುದು. ಸುಸ್ತಾದರೆ ಹಗ್ಗವನ್ನೋ ದೋಣಿಯನ್ನೋ ಹಿಡಿದುಕೊಂಡು ಸುಧಾರಿಸಿಕೊಳ್ಳಬಹುದು, ಅದರಿಂದ ಮುಂದಕ್ಕೆ ಎಳೆಸಿಕೊಳ್ಳಬಾರದು ಅಷ್ಟೇ.

ಕೆರೆಯಲ್ಲೋ ಸಮುದ್ರದಲ್ಲೋ ರೇಸ್ ಇದ್ದರೆ ಕೆಳಗೆ ಕಪ್ಪು ಗೆರೆ ಇರುವುದಿಲ್ಲ. ಆರೆಂಟು ಕೈ ಹಾಕಿದ ಮೇಲೆ ಒಂದ್ಸಲ ಮೊಸಳೆ ಹಾಗೆ ಕಣ್ಣಷ್ಟೇ ನೀರಿನ ಮೇಲೆ ತಂದು ದಾರಿಯ ಗುರುತಿಗೆ ಎದುರಿಗೆ ತೇಲಿಬಿಟ್ಟ ಬುರುಡೆ (ಬಾಯ್) ಎಲ್ಲಿದೆ ನೋಡಿಕೊಳ್ಳಬೇಕು. ಇದನ್ನು ಕೊಳದಲ್ಲೇ ಅಭ್ಯಾಸ ಮಾಡಿ. ಅಭ್ಯಾಸ ಅಂತ ಕೆಆರ್‌ಎಸ್ ಹಿನ್ನೀರಿಗೋ ಊರಾಚೆ ಕೆರೆಗೋ ಹೋಗಿ ಇಳಿಯಬೇಡಿ. ಹೂಳು, ಜೊಂಡು, ಗಿಡದ ಬೇರು, ಮರಳು ತೆಗೆದ ಗುಂಡಿ, ಯಾವುದೂ ಮೇಲಿಂದ ಕಾಣುವುದಿಲ್ಲ. ಈಜು ಬರುವವರೂ ಅಲ್ಲಿ ಮುಳುಗಿ ಪ್ರಾಣ ಬಿಟ್ಟಿದ್ದಾರೆ.

ಸೈಕಲ್: ಇರುವುದನ್ನೇ ಸರಿ ಮಾಡಿ

ಎಂಟಿಬಿಯ ಗಡ್ಡೆ ಗಡ್ಡೆ ಟೈರ್ ಟಾರು ರಸ್ತೆಯಲ್ಲಿ ಗುಂಯ್ ಅಂತ ಸದ್ದು ಮಾಡುತ್ತದಲ್ಲ, ಆ ಸದ್ದೆಲ್ಲ ನಿಮ್ಮ ಕಾಲಿನ ಶಕ್ತಿಯೇ. ನುಣುಪು ಟೈರ್ ಹಾಕಿಸಿ. ಟೈರ್ ಪಕ್ಕದಲ್ಲಿ ಎಷ್ಟು ಪಿಎಸ್‌ಐ ಗಾಳಿ ಅಂತ ಅಚ್ಚು ಹಾಕಿರುತ್ತಾರೆ, ಅದನ್ನು ಓದಿ ವಾರಕ್ಕೊಮ್ಮೆ ತುಂಬಿಸಿ. ಮುಂದೆ ಶಾಕ್ ಅಬ್ಸಾರ್ಬರ್ ಇದ್ದು, ಅದಕ್ಕೆ ಲಾಕ್ ಇದ್ದರೆ ಹಾಕಿ.

ಆಮೇಲೆ ಸೀಟು. ನಮ್ಮಲ್ಲಿ ತುಂಬ ಜನ ಸೀಟು ತೀರಾ ಕೆಳಗಿಟ್ಟು ತುಳಿಯುತ್ತಾರೆ, ಮೊಣಕಾಲು ನೋವು ಅಂತ ಸೈಕಲ್ ಬಿಡುತ್ತಾರೆ. ಗೋಡೆ ಹಿಡಿದು ಸೀಟ್ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರ ಆಗಬೇಕು. ತುಳಿಯುವಾಗ ಪಾದದ ಮುಂಭಾಗ ಇಡುತ್ತೀರಿ, ಆಗ ಮೊಣಕಾಲು ಸ್ವಲ್ಪ ಬಾಗಿ ಸರಿಹೋಗುತ್ತದೆ. ಶಾಪಿನ ಅಣ್ಣ ನನ್ನ ಸೀಟನ್ನು ಮೂರು ಬೆರಳು ಎತ್ತರಿಸಿ, ‘ಇಷ್ಟು ವರ್ಷ ಕುಕ್ಕರುಗಾಲಲ್ಲಿ ಕೂತ್ಕೊಂಡು ತುಳೀತಿದ್ರಿ ಸಾರ್’ ಅಂದರು. ಮೊದಲ ಎರಡು ದಿನ ಬೀಳುತ್ತೇನೆ ಅನ್ನಿಸಿತು, ಮೂರನೇ ದಿನ ಹಳೇ ಎತ್ತರ ಮರೆತೇಹೋಯಿತು.

ಅವರೇ ಹೇಳಿಕೊಟ್ಟದ್ದು: ಚೈನಿಗೆ ಎಣ್ಣೆ ಸುರಿಯಬೇಡಿ. ಮೊದಲು ಒರೆಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಬಿಡಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆಗೆ ಧೂಳು ಮೆತ್ತಿ ಮರಳು ಕಾಗದದ ಹಾಗೆ ಚೈನನ್ನೇ ತಿನ್ನುತ್ತದೆ.

ರೇಸಿನ ದಿನ ಸೈಕಲ್ ತಪಾಸಣೆ ಇರುತ್ತದೆ. ಎರಡೂ ಬ್ರೇಕ್ ಹಿಡಿಯಬೇಕು. ಹ್ಯಾಂಡಲ್ ತುದಿಯ ಎರಡೂ ಬಿರಡೆ ಇರಬೇಕು, ಬಿದ್ದರೆ ಆ ತೆರೆದ ಕೊಳವೆ ಹೊಟ್ಟೆಗೆ ಚುಚ್ಚುತ್ತದೆ ಅಂತ. ನನ್ನದರಲ್ಲಿ ಒಂದು ಯಾವಾಗಲೋ ಬಿದ್ದುಹೋಗಿತ್ತು. ಬಾಟಲಿಯ ಕಾರ್ಕನ್ನು ಬ್ಲೇಡಿನಲ್ಲಿ ಹೆರೆದು ತುರುಕಿದೆ, ಪಾಸಾಯಿತು.

ತುಳಿಯೋಕೆ ನಮಗೆ ಹೊರ ವರ್ತುಲ ರಸ್ತೆ ಇದೆ, ಪೂರ್ತಿ ಒಂದು ಸುತ್ತು ಸುಮಾರು 42 ಕಿ.ಮೀ. ಬೆಳಿಗ್ಗೆ ಬೇಗ ಹೋಗಿ, ಲಾರಿಗಳು ಜಾಸ್ತಿ ಆಗುವ ಮುಂಚೆ ಮನೆ ಸೇರಿ. ಹಿಂದೆ ಕೆಂಪು ದೀಪ ಹಾಕಿಕೊಳ್ಳಿ. ಮೊದಲ ಭಾನುವಾರ 10 ಕಿ.ಮೀ., ಆಮೇಲೆ ವಾರಕ್ಕೆ ಎರಡು ಮೂರು ಕಿ.ಮೀ. ಏರಿಸುತ್ತ ಹತ್ತನೇ ವಾರಕ್ಕೆ 30 ಮುಟ್ಟಿ. ಭಾರದ ಗೇರಿನಲ್ಲಿ ತಿಣುಕಬೇಡಿ. ಹಗುರ ಗೇರಿನಲ್ಲಿ ನಿಮಿಷಕ್ಕೆ 80ರ ಆಸುಪಾಸು ತುಳಿದರೆ ಆಮೇಲಿನ ಓಟಕ್ಕೆ ಕಾಲು ಉಳಿಯುತ್ತದೆ. ಚಾಮುಂಡಿ ಬೆಟ್ಟ ಹತ್ತಲೇಬೇಕಾ ಅಂತ ಕೇಳುತ್ತಾರೆ. ಬೇಡ.

ಪಂಕ್ಚರ್ ಹಾಕೋದನ್ನು, ಅಂದರೆ ಚಕ್ರ ಬಿಚ್ಚಿ ಟ್ಯೂಬ್ ಬದಲಿಸೋದನ್ನು ಮನೆಯಲ್ಲಿ ಐದು ಸಲ ಮಾಡಿ. ಹೊಸ ಟ್ಯೂಬ್ ಹಾಕುವ ಮುಂಚೆ ಟೈರಿನ ಒಳಗೆ ಬೆರಳಾಡಿಸಿ ನೋಡಿ. ಮುಳ್ಳು ಅಲ್ಲೇ ಉಳಿದಿದ್ದರೆ ಎರಡನೇ ಟ್ಯೂಬೂ ಹೋಯಿತು.

ಓಟ, ಮತ್ತೆ ಬ್ರಿಕ್

ಓಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ವಾರಕ್ಕೆ ಎರಡು ದಿನ, ಪಕ್ಕದವರ ಜೊತೆ ಮಾತಾಡೋಕೆ ಆಗುವಷ್ಟು ನಿಧಾನ. ಒಂದು ನಿಮಿಷ ಓಡಿ ಒಂದು ನಿಮಿಷ ನಡೆಯೋದರಿಂದ ಶುರು ಮಾಡಿ, ಎಂಟನೇ ವಾರಕ್ಕೆ ಅರ್ಧ ಗಂಟೆ ಓಟ ಬರಬೇಕು. ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿ ಇದಕ್ಕೆ ಹೇಳಿ ಮಾಡಿಸಿದ್ದು, ಮೊಣಕಾಲಿಗೂ ಒಳ್ಳೆಯದು, ಹಕ್ಕಿ ನೋಡುವ ನೆಪದಲ್ಲಿ ನಿಲ್ಲಲೂಬಹುದು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕ್ ಇದ್ದೇ ಇದೆ.

ಬ್ರಿಕ್ ಅಂದರೆ ಸೈಕಲ್‌ನಿಂದ ಇಳಿದ ತಕ್ಷಣ ಓಡುವುದು. ಆ ಹೆಸರು ಯಾಕೆ ಬಂತು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗಂತೂ ಮೊದಲ ಸಲ ಮೊಣಕಾಲಿನ ಕೆಳಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತಿದ ಹಾಗೇ ಆಗಿತ್ತು. ಒಂದು ಗಂಟೆ ಗುಂಡಗೆ ತುಳಿದ ಕಾಲಿಗೆ ಈಗ ಓಡಬೇಕು ಅಂತ ಗೊತ್ತಾಗೋಕೆ ಐದಾರು ನಿಮಿಷ ಬೇಕು. ಐದನೇ ವಾರದಿಂದ ಪ್ರತಿ ಭಾನುವಾರ ಸೈಕಲ್ ಮುಗಿಸಿ ಗೇಟಿಗೆ ಒರಗಿಸಿ, ಹತ್ತು ನಿಮಿಷ ಸಣ್ಣ ಹೆಜ್ಜೆಯಲ್ಲಿ ಓಡಿ. ಅಷ್ಟೇ ಸಾಕು.

ವಾರದ ಲೆಕ್ಕ ಇದು: ಸೋಮವಾರ ವಿಶ್ರಾಂತಿ, ಮಂಗಳ ಗುರು ಶನಿ ಈಜು, ಬುಧ ಶುಕ್ರ ಓಟ, ಭಾನುವಾರ ಸೈಕಲ್ ಮತ್ತೆ ಬ್ರಿಕ್. ನಡುವೆ ಒಂದೆರಡು ದಿನ ಆಫೀಸಿಗೆ ಸೈಕಲ್‌ನಲ್ಲೇ ಹೋದರೆ ಅದೂ ಲೆಕ್ಕಕ್ಕೆ ಬಂತು. ನಾಲ್ಕನೇ ಮತ್ತು ಎಂಟನೇ ವಾರ ಓಟ, ಸೈಕಲ್ ಮೂರನೇ ಒಂದು ಪಾಲು ಕಡಿಮೆ ಮಾಡಿ, ಕೊನೆಯ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ. ಮದುವೆ, ಜ್ವರ, ಊರ ಹಬ್ಬ ಅಂತ ಒಂದು ವಾರ ತಪ್ಪಿದರೆ ಬಿಟ್ಟದ್ದನ್ನು ಸೇರಿಸಿ ಮಾಡೋಕೆ ಹೋಗಬೇಡಿ. 40 ದಾಟಿದವರು, ಬಿಪಿ, ಶುಗರ್ ಇರುವವರು ಶುರು ಮಾಡುವ ಮುಂಚೆಯೇ ಡಾಕ್ಟರ್ ನೋಡಿ.

ಟ್ರಾನ್ಸಿಷನ್: ಮಹಡಿ ಮೇಲೆ ಕಲಿಯುವ ಆಟ

ನೀರಿನಿಂದ ಸೈಕಲ್‌ಗೆ ಬದಲಾಗುವುದು ಟಿ1, ಸೈಕಲ್‌ನಿಂದ ಓಟಕ್ಕೆ ಟಿ2. ಗಡಿಯಾರ ಇಲ್ಲೂ ಓಡುತ್ತಿರುತ್ತದೆ. ನನ್ನ ಮೊದಲ ರೇಸಿನಲ್ಲಿ ಟಿ1ಗೇ ಆರು ನಿಮಿಷ ಹೋಯಿತು. ಯಾಕೆ ಅಂದರೆ ಹತ್ತಿ ಟೀ ಶರ್ಟ್. ಒದ್ದೆ ಮೈಗೆ ಅದು ಕಂಕುಳ ಹತ್ತಿರ ಹಗ್ಗದ ಹಾಗೆ ಸುತ್ತಿಕೊಂಡುಬಿಟ್ಟಿತು, ಎರಡು ಕೈ ಮೇಲೆ, ತಲೆ ಒಳಗೆ. ಪಕ್ಕದ ಕಾಲೇಜು ಹುಡುಗ ಅದನ್ನು ನೋಡಿ ನಗು ತಡೆದುಕೊಂಡು ಹೋದ. ಆಮೇಲೆ ಗಡಿಬಿಡಿಯಲ್ಲಿ ಹೆಲ್ಮೆಟ್ ಬಕಲ್ ಹಾಕದೇ ಸೈಕಲ್ ತೆಗೆದೆ, ತೀರ್ಪುಗಾರರು ನಿಲ್ಲಿಸಿದರು. ನಿಯಮ ಏನಂದರೆ, ಬಕಲ್ ಹಾಕಿದ ಮೇಲೇ ಸೈಕಲ್ ಮುಟ್ಟಬೇಕು, ವಾಪಸ್ ಬಂದಾಗ ಸೈಕಲ್ ಸ್ಟ್ಯಾಂಡಿಗೆ ಹಾಕಿದ ಮೇಲೇ ಬಕಲ್ ಬಿಚ್ಚಬೇಕು. ಸೈಕಲ್‌ಗಳನ್ನು ನಿಲ್ಲಿಸಿರುವ ಟ್ರಾನ್ಸಿಷನ್ ಅಂಕಣದೊಳಗೆ ಸೈಕಲ್ ತಳ್ಳಿಕೊಂಡೇ ಹೋಗಬೇಕು, ನೆಲದ ಗೆರೆ ದಾಟಿದ ಮೇಲೆ ಹತ್ತಬೇಕು. ಇಯರ್‌ಫೋನ್ ಇಡೀ ರೇಸಿನಲ್ಲಿ ನಿಷಿದ್ಧ.

ಈಜು ಚಡ್ಡಿಯಲ್ಲೇ ಮೂರೂ ಮುಗಿಸಬಹುದು. ಮೇಲೆ ಬೇಗ ಒಣಗುವ ಪಾಲಿಯೆಸ್ಟರ್ ಬನಿಯನ್ ಥರದ್ದು, ಎದೆ ಮುಂದೆ ಜಿಪ್ ಇದ್ದರೆ ಇನ್ನೂ ಅನುಕೂಲ. ಹೆಂಗಸರು ಸ್ಪೋರ್ಟ್ಸ್ ಬ್ರಾ ಮೇಲೆ ಮೈಗಂಟುವ ನೈಲಾನ್ ಟಾಪು ಮತ್ತು ಟೈಟ್ಸ್ ಹಾಕಿಕೊಂಡು ನೀರಿಗೆ ಇಳಿದರೆ ಬಟ್ಟೆ ಬದಲಿಸುವ ಪ್ರಶ್ನೆಯೇ ಇಲ್ಲ.

ನನ್ನ ಲೆಕ್ಕದಲ್ಲಿದ್ದ 40 ರೂಪಾಯಿ ಎಲಾಸ್ಟಿಕ್ ಇಲ್ಲಿ ಬರುತ್ತದೆ. ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ದಾರದಂಥ ಎಲಾಸ್ಟಿಕ್ ಅನ್ನು ಶೂ ಲೇಸ್ ಬದಲು ಪೋಣಿಸಿ ಗಂಟು ಹಾಕಿಬಿಟ್ಟರೆ ಶೂ ಚಪ್ಪಲಿ ಹಾಗೆ ಕಾಲಿಗೆ ಏರುತ್ತದೆ. ಲಂಗಕ್ಕೆ ಹಾಕುವ ಒಂದಿಂಚಿನ ಅಗಲದ ಪಟ್ಟಿಯನ್ನು ಸೊಂಟದ ಅಳತೆಗೆ ಹೊಲಿದು, ಎರಡು ಸೇಫ್ಟಿ ಪಿನ್‌ನಲ್ಲಿ ರೇಸಿನ ನಂಬರ್ ಚೀಟಿ ಚುಚ್ಚಿದರೆ ನಂಬರ್ ಬೆಲ್ಟ್ ತಯಾರು. ಸೈಕಲ್‌ನಲ್ಲಿ ನಂಬರ್ ಹಿಂದಕ್ಕೆ, ಓಟದಲ್ಲಿ ಮುಂದಕ್ಕೆ ತಿರುಗಿಸಿಕೊಳ್ಳಿ.

ಕೊನೆಯ ಮೂರು ವಾರ, ವಾರಕ್ಕೊಮ್ಮೆ ಮಹಡಿ ಮೇಲೆ ಅಭ್ಯಾಸ ಮಾಡಿ. ಟವೆಲ್ ಹಾಸಿ. ಶೂ ಬಾಯಿ ನಿಮ್ಮ ಕಡೆಗೆ, ಒಳಗೆ ಸ್ವಲ್ಪ ಪೌಡರ್. ಹೆಲ್ಮೆಟ್ ಹ್ಯಾಂಡಲ್ ಮೇಲೆ ಬೋರಲಾಗಿ, ಪಟ್ಟಿಗಳು ಎರಡು ಕಡೆ ಇಳಿಬಿದ್ದಿರಲಿ. ಒಂದು ಬಕೆಟ್ ನೀರು ತಲೆ ಮೇಲೆ ಸುರಿದುಕೊಂಡು ಶುರು ಮಾಡಿ. ನನ್ನ ಮಗಳು ಫೋನ್ ಹಿಡಿದು ಸಮಯ ನೋಡುತ್ತಿದ್ದಳು, ‘ಅಪ್ಪಾ, ಹೆಲ್ಮೆಟ್!’ ಅಂತ ಕೂಗೋದು ಅವಳ ಕೆಲಸ. ಎರಡನೇ ರೇಸಿನಲ್ಲಿ ಟಿ1 ಎರಡು ನಿಮಿಷದೊಳಗೆ ಮುಗಿಯಿತು. ಒಂದು ಪೈಸೆ ಖರ್ಚಿಲ್ಲದೆ ನಾಲ್ಕು ನಿಮಿಷ ಉಳಿಯಿತು.

ಹಿಂದಿನ ರಾತ್ರಿ, ರೇಸಿನ ಬೆಳಿಗ್ಗೆ

ಹಿಂದಿನ ರಾತ್ರಿ ದಿನಾ ತಿನ್ನುವ ಅನ್ನ ಸಾರೇ ತಿನ್ನಿ, ಖಾರ ಕಡಿಮೆ ಇರಲಿ. ಬೆಳಿಗ್ಗೆ ಎರಡು ಗಂಟೆ ಮುಂಚೆ ಮೂರು ಇಡ್ಲಿ, ಬಾಳೆಹಣ್ಣು. ಅವತ್ತೇ ಹೊಸದೇನೂ ಪ್ರಯೋಗ ಬೇಡ. ಸೈಕಲ್ ಬಾಟಲಿಗೆ ಬೆಲ್ಲ, ನಿಂಬೆಹಣ್ಣು, ಚಿಟಿಕೆ ಉಪ್ಪಿನ ಪಾನಕ ಚೆನ್ನಾಗಿ ಸೋಸಿ ಹಾಕಿ. ಏಲಕ್ಕಿ ಸಿಪ್ಪೆ ಬಾಟಲಿ ಮೂತಿಗೆ ಸಿಕ್ಕಿಕೊಂಡರೆ ರಸ್ತೆಯಲ್ಲಿ ಬಾಟಲಿ ಹಿಂಡುತ್ತ ಕೂರಬೇಕಾಗುತ್ತದೆ, ನನಗೆ ಆಗಿದೆ. ಸ್ಪ್ರಿಂಟ್‌ಗೆ ಒಂದು ಬಾಟಲಿ, ಜೇಬಿನಲ್ಲಿ ಒಂದು ಕಡಲೆಕಾಯಿ ಚಿಕ್ಕಿ ಸಾಕು.

ಒಂದು ಗಂಟೆ ಮುಂಚೆ ಹೋಗಿ. ಸೈಕಲ್ ಇಟ್ಟ ಮೇಲೆ ಈಜುಕೊಳದ ಬಾಗಿಲಿನಿಂದ ಅಲ್ಲಿವರೆಗೆ ಒಮ್ಮೆ ನಡೆದು ಸಾಲು ಎಣಿಸಿಕೊಳ್ಳಿ. ನೂರು ಸೈಕಲ್ ನಡುವೆ ಒದ್ದೆ ಕಣ್ಣಿನಲ್ಲಿ ನಿಮ್ಮದು ಸಿಗುವುದಿಲ್ಲ. ನಾನು ಸೀಟಿಗೆ ಹಳದಿ ಕರವಸ್ತ್ರ ಕಟ್ಟಿರುತ್ತೇನೆ. ಸೈಕಲ್ ಸುಲಭದ ಗೇರಿಗೆ ಹಾಕಿಡಿ.

ಈಜಿನಲ್ಲಿ ಹಿಂದಿನ ಸಾಲಿನಲ್ಲಿ, ಅಂಚಿಗೆ ನಿಲ್ಲಿ. ಶಿಳ್ಳೆ ಹೊಡೆದ ತಕ್ಷಣ ಎಲ್ಲರೂ ನುಗ್ಗುತ್ತಾರೆ, ಹತ್ತು ಸೆಕೆಂಡ್ ಬಿಟ್ಟು ಹೊರಡಿ. ಯಾರದೋ ಕಾಲು ಮುಖಕ್ಕೆ ಬಡಿದು ಗಾಬರಿಯಾದರೆ ಅಂಗಾತ ತಿರುಗಿ ಆಕಾಶ ನೋಡುತ್ತ ಇಪ್ಪತ್ತು ಉಸಿರು ಎಣಿಸಿ. ಆದರೂ ಆಗಲಿಲ್ಲ ಅಂದರೆ ಕೈ ಎತ್ತಿ, ಬಂದು ಕರೆದುಕೊಂಡು ಹೋಗುತ್ತಾರೆ. ಸೈಕಲ್‌ನಲ್ಲಿ ಮೊದಲ ಐದು ನಿಮಿಷ ನಿಧಾನ, ಉಸಿರು ಸಮ ಆದ ಮೇಲೆ ಕುಡಿಯಿರಿ. ಮುಂದಿನ ಸೈಕಲ್‌ಗೆ ಅಂಟಿಕೊಂಡು ಹೋಗಬೇಡಿ, ಆಯೋಜಕರು ಹೇಳಿದಷ್ಟು ಅಂತರ ಬಿಡಿ, ಇಲ್ಲದಿದ್ದರೆ ದಂಡ ಹಾಕುತ್ತಾರೆ. ಚಿಕ್ಕಿ ಕವರ್ ರಸ್ತೆಗೆ ಎಸೆದರೂ ದಂಡವೇ. ಓಟದಲ್ಲಿ ಮೊದಲ ಕಿಲೋಮೀಟರ್ ಇಟ್ಟಿಗೆ ಕಾಲು, ಅದು ಹೋಗುತ್ತದೆ. ನಡೆಯಬೇಕು ಅನ್ನಿಸಿದರೆ ನಡೆಯಿರಿ, ನೀರಿನ ಟೇಬಲ್ ಹತ್ತಿರ ನಾನು ಪ್ರತಿ ಸಲ ನಡೆಯುತ್ತೇನೆ.

ಮುಗಿಸಿದ ಕೂಡಲೇ ಕೂರಬೇಡಿ, ಹತ್ತು ನಿಮಿಷ ಓಡಾಡಿ. ಸೈಕಲ್ ಹೊರಗೆ ತರುವಾಗ ನಿಮ್ಮ ನಂಬರ್ ಮತ್ತು ಸೈಕಲ್ ನಂಬರ್ ಎರಡೂ ತಾಳೆ ನೋಡುತ್ತಾರೆ, ಹಾಗಾಗಿ ನಂಬರನ್ನು ಖುಷಿಯಲ್ಲಿ ಕಿತ್ತು ಎಸೆಯಬೇಡಿ. ಮನೆಗೆ ಬಂದು ಗಾಗಲ್ಸ್ ಒಳ್ಳೆ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಒದ್ದೆಯಾದ ಚೈನ್ ಒರೆಸಿ ಎಣ್ಣೆ ಬಿಡಿ. ನಾನು ಮಾರನೇ ದಿನ ಸೈಕಲ್ ಶಾಪಿನ ಅಣ್ಣನಿಗೆ ಮೆಡಲ್ ತೋರಿಸೋಕೆ ಹೋದೆ. ತಿರುಗಿಸಿ ಮುರುಗಿಸಿ ನೋಡಿ, ‘ಹಿತ್ತಾಳೆನಾ ಸಾರ್?’ ಅಂತ ಕೇಳಿ, ಹಿಂದಿನ ಚಕ್ರ ತಿರುಗಿಸಿ, ‘ಒಂದ್ ಕಡ್ಡಿ ಲೂಸ್ ಆಗಿದೆ, ಬಿಟ್ಟು ಹೋಗಿ’ ಅಂದರು.